ಭಾರತದ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1950ರಲ್ಲಿಯೋ, ಅದಕ್ಕೂ ಮೊದಲೋ?

ಪ್ರಶ್ನೆ
ಬರೆದವರು: ಸಮಾಜ ಶಿಕ್ಷಕಿ, ಹಾಸನ

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಬ್ರಿಟನ್ನಿನಲ್ಲಿ ಮಹಿಳೆಯರು ಮತದಾನದ ಹಕ್ಕಿಗಾಗಿ ಜೈಲಿಗೆ ಹೋದರು, ಅಲ್ಲಿ ಉಪವಾಸ ಕೂತರು. ಅಮೆರಿಕದಲ್ಲಿ 1848ರ ಸೆನೆಕಾ ಫಾಲ್ಸ್ ಸಭೆಯಿಂದ 1920ರ ಹತ್ತೊಂಬತ್ತನೆಯ ತಿದ್ದುಪಡಿಯವರೆಗೆ ಎರಡು ಮೂರು ತಲೆಮಾರು ಹೋರಾಡಿದರು. ನಮ್ಮಲ್ಲಿ ಮಾತ್ರ ಸಂವಿಧಾನ ಜಾರಿಗೆ ಬಂದ ದಿನವೇ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೆ ಹಕ್ಕು ಬಂತು, ಅದಕ್ಕಾಗಿ ಯಾರೂ ಬೇಡಿಕೆ ಇಡಬೇಕಾಗಲಿಲ್ಲ ಎಂಬ ಮಾತನ್ನು ಮೊದಲಿನಿಂದಲೂ ಕೇಳುತ್ತ ಬಂದಿದ್ದೇನೆ. ಹಾಗಿದ್ದರೆ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲೇ ಚುನಾವಣೆಗೆ ನಿಂತದ್ದು ಹೇಗೆ, ಅವರಿಗೆ ಮತ ಹಾಕಿದ ಹೆಂಗಸರು ಯಾರು ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಸಂವಿಧಾನಕ್ಕೆ ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಹಕ್ಕಿತ್ತು, ಅದು ಎಲ್ಲರ ಹಕ್ಕಾಗಿ ಬದಲಾದದ್ದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ಬಿಡಿಸಿ ಬರೆಯಬೇಕು. ನಮ್ಮ ಮೈಸೂರು ಸಂಸ್ಥಾನದ ಸ್ಥಿತಿ ಏನಿತ್ತು ಎಂಬುದನ್ನೂ ತಿಳಿಸಿದರೆ ಮಕ್ಕಳಿಗೆ ಹತ್ತಿರವಾಗುತ್ತದೆ.

ಉತ್ತರ 1
ಬರೆದವರು: ಹಳೆಯ ಕಡತ, ಮೈಸೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಸರಿಯಾದ ಎಳೆಯನ್ನೇ ಹಿಡಿದಿದ್ದಾಳೆ. 1950ರಲ್ಲಿ ಬಂದದ್ದು ಎಲ್ಲ ವಯಸ್ಕ ಮಹಿಳೆಯರ ಹಕ್ಕು. ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲಿನಿಂದಲೂ ಕೆಲವೇ ಕೆಲವು ಮಹಿಳೆಯರಿಗೆ ಹಕ್ಕಿತ್ತು, ಮತ್ತು ಆ ಅಲ್ಪ ಹಕ್ಕು ಕೂಡ ಕೇಳದೆ ಸಿಕ್ಕದ್ದಲ್ಲ.

1917ರ ಮೇ ತಿಂಗಳಲ್ಲಿ ಮದರಾಸಿನ ಅಡ್ಯಾರಿನಲ್ಲಿ ಮಹಿಳಾ ಭಾರತೀಯ ಸಂಘ ಹುಟ್ಟಿತು. ಆನಿ ಬೆಸೆಂಟ್, ಡೊರೊತಿ ಜಿನರಾಜದಾಸ, ಮಾರ್ಗರೆಟ್ ಕಸಿನ್ಸ್ ಅದರ ಹಿಂದಿದ್ದವರು. ಐರ್ಲೆಂಡಿನ ಕಸಿನ್ಸ್ ಭಾರತಕ್ಕೆ ಬರುವ ಮೊದಲೇ ಅಲ್ಲಿನ ಮಹಿಳೆಯರ ಮತಾಧಿಕಾರಕ್ಕಾಗಿ ಸೆರೆವಾಸ ಅನುಭವಿಸಿದ್ದರು. ಅದೇ ವರ್ಷ ಬ್ರಿಟಿಷ್ ಸಂಪುಟದಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಭಾರತ ಮಂತ್ರಿ ಎಡ್ವಿನ್ ಮಾಂಟೆಗು ಆಡಳಿತ ಸುಧಾರಣೆಯ ಬಗ್ಗೆ ಅಭಿಪ್ರಾಯ ಸಂಗ್ರಹಿಸಲು ದೇಶ ಸುತ್ತುತ್ತಿದ್ದರು. ಹೆಣ್ಣುಮಕ್ಕಳ ಶಿಕ್ಷಣದ ವಿಷಯ ಪ್ರಸ್ತಾಪಿಸಲು ಕಸಿನ್ಸ್ ಭೇಟಿಗೆ ಅವಕಾಶ ಕೇಳಿದಾಗ, ರಾಜಕೀಯ ವಿಷಯವಿದ್ದರೆ ಮಾತ್ರ ನಿಯೋಗಗಳನ್ನು ನೋಡುತ್ತಾರೆ ಎಂಬ ಉತ್ತರ ಬಂತು. ಆಗ ಮನವಿಯಲ್ಲಿ ಮತಾಧಿಕಾರದ ಬೇಡಿಕೆಯೂ ಸೇರಿತು. ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗ ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡು, ಹೊಸ ಶಾಸನಸಭೆಗಳಿಗೆ ಮತದಾರರನ್ನು ಗೊತ್ತುಮಾಡುವಾಗ ಗಂಡಸರಿಗಿರುವ ಅವಕಾಶವೇ ಹೆಂಗಸರಿಗೂ ಇರಬೇಕೆಂದು ಕೇಳಿತು.

ಉತ್ತರ ಅನುಕೂಲವಾಗಿ ಬರಲಿಲ್ಲ. ಮತದಾರರ ಅರ್ಹತೆ ಗೊತ್ತುಮಾಡಲು ಬಂದ ಸೌತ್‌ಬರೋ ಸಮಿತಿಯು, ಸಮಾಜ ಸಂಪ್ರದಾಯಸ್ಥವಾಗಿದೆ, ಗೋಷಾ ಪದ್ಧತಿ ಇದೆ, ಆದ್ದರಿಂದ ಇದಕ್ಕೆ ಕಾಲ ಪಕ್ವವಾಗಿಲ್ಲ ಎಂದುಬಿಟ್ಟಿತು. ಅಷ್ಟಕ್ಕೆ ಸುಮ್ಮನಾಗದ ಮಹಿಳೆಯರು 1919ರಲ್ಲಿ ಲಂಡನ್ನಿಗೇ ಹೋದರು. ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ಸರೋಜಿನಿ ನಾಯ್ಡು, ಬೆಸೆಂಟ್ ಅವರ ಜೊತೆಗೆ ಮುಂಬಯಿಯ ಹೀರಾಬಾಯಿ ಟಾಟಾ ಮತ್ತು ಅವರ ಮಗಳು ಮಿಠನ್ ಕೂಡ ಹೇಳಿಕೆ ಕೊಟ್ಟರು. ತಾಯಿ ಮಗಳಿಬ್ಬರೂ ಅಲ್ಲಿಯೇ ಉಳಿದು ಸಭೆ ಸಭೆಗೆ ಹೋಗಿ ಬೆಂಬಲ ಕೂಡಿಸಿದ ಸಂಗತಿ ನಮ್ಮ ಚರಿತ್ರೆಯಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣಬೇಕಾಗಿತ್ತು ಎಂದು ನನಗೆ ಅನಿಸುತ್ತದೆ. ಕೊನೆಗೆ ಬ್ರಿಟಿಷ್ ಸರ್ಕಾರ ಹೊಣೆಯನ್ನು ತನ್ನ ಮೇಲಿಂದ ಜಾರಿಸಿಕೊಂಡಿತು. ಹೆಂಗಸರೆಂಬ ಕಾರಣಕ್ಕಿರುವ ಅಡ್ಡಿಯನ್ನು ತೆಗೆಯಬೇಕೋ ಬೇಡವೋ ಎಂಬುದನ್ನು ಆಯಾ ಪ್ರಾಂತದ ಶಾಸನಸಭೆಯೇ ಠರಾವಿನ ಮೂಲಕ ನಿರ್ಧರಿಸಲಿ ಎಂದಿತು.

ಹೀಗಾಗಿ ಹೋರಾಟ ಪ್ರಾಂತ ಪ್ರಾಂತಕ್ಕೆ ಹಂಚಿಹೋಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ಮೊದಲು ಒಪ್ಪಿದ್ದು ಮದರಾಸು, 1921ರ ಏಪ್ರಿಲಿನಲ್ಲಿ. ಅದೇ ವರ್ಷ ಮುಂಬಯಿ. ಬಂಗಾಳದ ಸಭೆ 1921ರಲ್ಲಿ ತಿರಸ್ಕರಿಸಿ, 1925ರಲ್ಲಿ ಒಪ್ಪಿತು. ದಶಕ ಮುಗಿಯುವುದರೊಳಗೆ ಉಳಿದ ಪ್ರಾಂತಗಳೂ ಒಪ್ಪಿದವು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟ ಮೇಲೆ 1923ರಲ್ಲಿ ಆದ ಸುಧಾರಣೆಗಳಲ್ಲಿ, ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಹೆಂಗಸರಿಗಿದ್ದ ಅಡ್ಡಿಯನ್ನು ತೆಗೆಯಲಾಯಿತು.

ಇದನ್ನು ಇಂದಿನ ಕರ್ನಾಟಕದ ನಕಾಶೆಯ ಮೇಲಿಟ್ಟು ಮಕ್ಕಳಿಗೆ ತೋರಿಸಬಹುದು. ಮಂಗಳೂರು, ಬಳ್ಳಾರಿಗಳು ಮದರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಮುಂಬಯಿಗೆ. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಆ ದಶಕದಲ್ಲಿ ನಿಜಾಮನ ಸಂಸ್ಥಾನದಲ್ಲಿ ಜನಸಾಮಾನ್ಯರು ಮತ ಹಾಕಿ ಆರಿಸುವ ಶಾಸನಸಭೆಯೇ ಇರಲಿಲ್ಲ. ಒಂದೇ ಭಾಷೆಯಾಡುವ, ಒಂದೇ ಬಗೆಯ ಬದುಕು ಬಾಳುತ್ತಿದ್ದ ಹೆಣ್ಣುಮಕ್ಕಳ ಹಕ್ಕು ಅವರು ಯಾವ ಗಡಿಯ ಈಚೆ ಹುಟ್ಟಿದ್ದರು ಎಂಬುದರ ಮೇಲೆ ನಿಂತಿತ್ತು.

ಅಡ್ಡಿ ತೆಗೆದರೂ ಷರತ್ತು ಉಳಿದೇ ಇತ್ತು. ಇಂತಿಷ್ಟು ಕಂದಾಯ ಅಥವಾ ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಹೊಲಮನೆಗಳ ಖಾತೆ ಗಂಡನ, ಮಾವನ ಅಥವಾ ಅಣ್ಣತಮ್ಮಂದಿರ ಹೆಸರಿನಲ್ಲಿದ್ದ ಕಾಲದಲ್ಲಿ ಈ ಅರ್ಹತೆ ಎಷ್ಟು ಹೆಂಗಸರಿಗೆ ಇದ್ದೀತು? ಗಂಡಸರಲ್ಲೂ ಬಡವರಿಗೆ, ಗೇಣಿದಾರರಿಗೆ, ಕೂಲಿಗಳಿಗೆ ಮತವಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಉತ್ತರ 2
ಬರೆದವರು: ನೇತ್ರಾವತಿ, ಮಂಗಳೂರು

ಮೇಲಿನವರು ಬಿಟ್ಟ ಜಾಗದಿಂದ ಮುಂದುವರಿಸುತ್ತೇನೆ, ಏಕೆಂದರೆ ಮುಂದಿನ ಅಧ್ಯಾಯದಲ್ಲಿ ನಮ್ಮ ಊರಿನ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾಗಿ ನಿಂತಿದ್ದಾರೆ.

ಮತ ಹಾಕುವ ಹಕ್ಕು ಬಂದರೂ ಮಹಿಳೆಯರು ಶಾಸನಸಭೆಗೆ ಉಮೇದುವಾರರಾಗುವಂತಿರಲಿಲ್ಲ. 1926ರಲ್ಲಿ ಆ ತಡೆಯೂ ಹೋಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿಯವರು ಕಸಿನ್ಸ್ ಅವರ ಒತ್ತಾಸೆಯಿಂದ ಮದರಾಸು ಶಾಸನಸಭೆಗೆ ಇಲ್ಲಿಂದಲೇ ಸ್ಪರ್ಧಿಸಿದರು, ಸ್ವಲ್ಪದರಲ್ಲಿ ಸೋತರು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರವೆಂದರೆ, ಅವರಿಗೆ ಮತ ಹಾಕುವ ಅರ್ಹತೆ ಇದ್ದದ್ದು ಆಸ್ತಿ, ತೆರಿಗೆಯ ಲೆಕ್ಕದಲ್ಲಿ ಪಟ್ಟಿಗೆ ಸೇರಿದವರಿಗೆ ಮಾತ್ರ. ಅವರಲ್ಲಿ ಬಹುಪಾಲು ಗಂಡಸರೇ.

ಇನ್ನೊಬ್ಬರು ರಾಧಾಬಾಯಿ ಸುಬ್ಬರಾಯನ್. ದಲಿತರ ಶಿಕ್ಷಣಕ್ಕಾಗಿ ದುಡಿದ ಕುದ್ಮುಲ್ ರಂಗರಾಯರ ಮಗಳು. 1930ರ ಮೊದಲ ದುಂಡು ಮೇಜಿನ ಪರಿಷತ್ತಿಗೆ ಬೇಗಂ ಶಾ ನವಾಜ್ ಅವರೊಂದಿಗೆ ಮಹಿಳೆಯರ ಪರವಾಗಿ ಹೋದವರು ಇವರೇ, ಮುಂದೆ 1932ರಲ್ಲಿ ಲೋಥಿಯನ್ ಅವರ ಮತಾಧಿಕಾರ ಸಮಿತಿಯಲ್ಲಿ ಕೂತವರೂ ಇವರೇ. ಆಗ ದೇಶದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಮೂವರಷ್ಟಿದ್ದರು. ಆಸ್ತಿಯೂ ಇಲ್ಲ, ಓದೂ ಇಲ್ಲ. ಹೀಗಿರುವಾಗ ಆಸ್ತಿವಂತರ ಹೆಂಡತಿ ಎಂಬ ಲೆಕ್ಕದಲ್ಲಾದರೂ ಹೆಂಗಸರನ್ನು ಪಟ್ಟಿಗೆ ಸೇರಿಸಬೇಕು, ಸ್ವಲ್ಪ ಕಾಲ ಸ್ಥಾನಗಳನ್ನೂ ಕಾಯ್ದಿರಿಸಬೇಕು, ಇಲ್ಲವಾದರೆ ಸಭೆಗಳಲ್ಲಿ ಹೆಣ್ಣಿನ ದನಿಯೇ ಕೇಳುವುದಿಲ್ಲ ಎಂಬುದು ಈ ಪಕ್ಷದ ವಾದ.

ಅಖಿಲ ಭಾರತ ಮಹಿಳಾ ಪರಿಷತ್ತು, ಮಹಿಳಾ ಭಾರತೀಯ ಸಂಘ, ರಾಷ್ಟ್ರೀಯ ಮಹಿಳಾ ಮಂಡಳಿ ಎಂಬ ಮೂರು ದೊಡ್ಡ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಮಹಿಳಾ ಪರಿಷತ್ತಿನ ಮುಂದಾಳುಗಳಲ್ಲಿ ಕಮಲಾದೇವಿಯವರೂ ಒಬ್ಬರು. 1931ರಲ್ಲಿ ಈ ಮೂರೂ ಸಂಸ್ಥೆಗಳು ಕೂಡಿ ಮೀಸಲು ಬೇಡ, ನಾಮನಿರ್ದೇಶನ ಬೇಡ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಕೊಡಿ ಎಂದು ಮನವಿ ಬರೆದವು. 1933ರಲ್ಲಿ ಲಂಡನ್ನಿನ ಜಂಟಿ ಸಮಿತಿಯ ಮುಂದೆ ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ, ಬೇಗಂ ಹಮೀದ್ ಅಲಿ ಇದೇ ಪಟ್ಟು ಹಿಡಿದರು. ಹೆಂಡತಿ ಎಂಬ ಕಾರಣಕ್ಕೆ ಬರುವ ಮತವು ಗಂಡನ ಆಸ್ತಿಯ ನೆರಳಲ್ಲೇ ಇರುತ್ತದೆ, ನಾಗರಿಕಳೆಂಬ ಕಾರಣಕ್ಕೆ ಬಂದದ್ದಾಗುವುದಿಲ್ಲ ಎಂಬುದು ಅವರ ನಿಲುವಿನ ತಿರುಳು.

ಸರ್ಕಾರ ಮೊದಲ ಪಕ್ಷದ ದಾರಿಯನ್ನೇ ಹಿಡಿಯಿತು. 1935ರ ಕಾಯಿದೆಯಲ್ಲಿ ಆಸ್ತಿಯ ಜೊತೆಗೆ ಓದುಬರಹ ಬಲ್ಲವರು, ಅರ್ಹ ಗಂಡಸರ ಹೆಂಡಂದಿರು, ಕೆಲವು ಬಗೆಯ ವಿಧವೆಯರು ಸೇರಿಕೊಂಡು ಮಹಿಳಾ ಮತದಾರರ ಸಂಖ್ಯೆ ಸುಮಾರು 60 ಲಕ್ಷಕ್ಕೆ ಏರಿತು. ಪ್ರಾಂತೀಯ ಸಭೆಗಳಲ್ಲಿ 41 ಸ್ಥಾನಗಳನ್ನು ಮಹಿಳೆಯರಿಗೆ ಕಾಯ್ದಿರಿಸಲಾಯಿತು. ಹಲವು ಪ್ರಾಂತಗಳಲ್ಲಿ ಗಂಡನ ಅರ್ಹತೆಯ ಮೇಲೆ ಮತ ಪಡೆಯುವವರು ತಾವೇ ಅರ್ಜಿ ಹಾಕಿಕೊಳ್ಳಬೇಕಿತ್ತು. ಅಂಚೆ ಕಚೇರಿಯ ಮುಖ ಕಾಣದ ಗೃಹಿಣಿಗೆ ಇದು ಸಣ್ಣ ಅಡ್ಡಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ರಾಧಾಬಾಯಿಯವರು ಆ ಹೊತ್ತಿನ ವಾಸ್ತವವನ್ನು ಸರಿಯಾಗಿಯೇ ಓದಿದ್ದರು. ಆದರೂ ಸಂವಿಧಾನಕ್ಕೆ ದಾರಿ ಮಾಡಿಕೊಟ್ಟದ್ದು ಎರಡನೆಯ ಪಕ್ಷದ ಹಟ. ಅರೆಪಾಲನ್ನು ಸಂಪೂರ್ಣವೆಂದು ಒಪ್ಪಿಕೊಂಡಿದ್ದರೆ 1947ರಲ್ಲಿ ಚೌಕಾಸಿ ಮತ್ತೆ ಹೆಂಡತಿ, ಆಸ್ತಿ, ಓದು ಎಂಬ ಮಾತುಗಳಿಂದಲೇ ಆರಂಭವಾಗುತ್ತಿತ್ತು. 1928ರ ಮೋತಿಲಾಲ್ ನೆಹರೂ ವರದಿ, 1931ರ ಕರಾಚಿ ಕಾಂಗ್ರೆಸ್ಸಿನ ಠರಾವು ಎರಡರಲ್ಲೂ ವಯಸ್ಕ ಮತಾಧಿಕಾರವಿದೆ. ಡಾ. ಅಂಬೇಡ್ಕರ್ ಅವರೂ ಸೈಮನ್ ಆಯೋಗದ ಮುಂದೆ ಗಂಡು ಹೆಣ್ಣೆನ್ನದೆ ಎಲ್ಲ ವಯಸ್ಕರಿಗೂ ಮತ ಬೇಕೆಂದು ಕೇಳಿದ್ದರು. ಹೀಗೆ ಬೇರೆ ಬೇರೆ ದಿಕ್ಕಿನಿಂದ ಬಂದ ಬೇಡಿಕೆಗಳು ಒಂದೆಡೆ ಕೂಡಿದ್ದರಿಂದಲೇ ಸಂವಿಧಾನ ರಚನಾ ಸಭೆಯಲ್ಲಿ ಮಹಿಳೆಯರ ಮತದ ಬಗ್ಗೆ ದೊಡ್ಡ ಜಟಾಪಟಿ ನಡೆಯಲಿಲ್ಲ.

ಸಮಾಜ ಶಿಕ್ಷಕಿ, ಹಾಸನ

ಇಬ್ಬರಿಗೂ ಕೃತಜ್ಞತೆಗಳು. ರಾಧಾಬಾಯಿಯವರ ವಿಷಯ ನಮ್ಮ ಮಕ್ಕಳಿಗೆ ಪೂರ್ತಿ ಹೊಸದು. ಇನ್ನೊಂದು ಸಂದೇಹವಿದೆ. ಮತದಾನ ಮೂಲಭೂತ ಹಕ್ಕೋ ಅಲ್ಲವೋ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಸಂವಿಧಾನದಲ್ಲಿ ಅದು ನಿಖರವಾಗಿ ಎಲ್ಲಿದೆ, ಅಲ್ಲಿಯೇ ಏಕಿದೆ?

ಉತ್ತರ 3
ಬರೆದವರು: ವಕೀಲ, ಧಾರವಾಡ

ಎರಡು ವಿಧಿಗಳನ್ನು ಒಟ್ಟಿಗೆ ಓದಬೇಕು. ಧರ್ಮ, ಜನಾಂಗ, ಜಾತಿ, ಲಿಂಗ ಎಂಬ ಕಾರಣಕ್ಕಾಗಿಯೇ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡುವಂತಿಲ್ಲ ಎನ್ನುವುದು 325ನೆಯ ವಿಧಿ. ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆ ವಯಸ್ಕ ಮತಾಧಿಕಾರದ ಮೇಲೆ ನಡೆಯಬೇಕೆನ್ನುವುದು 326ನೆಯ ವಿಧಿ. ಮೊದಲು ವಯಸ್ಸು 21 ಎಂದಿತ್ತು. 61ನೆಯ ತಿದ್ದುಪಡಿಯ ಮೂಲಕ 1989ರಿಂದ 18 ಆಯಿತು.

ಮೂಲಭೂತ ಹಕ್ಕುಗಳ ಉಪಸಮಿತಿಯು 1947ರಲ್ಲಿ ಮತದಾನವನ್ನು ಆ ಅಧ್ಯಾಯದಲ್ಲೇ ಸೇರಿಸಲು ಬಯಸಿತ್ತು. ಅದರಲ್ಲಿ ಅಂಬೇಡ್ಕರ್ ಅವರ ಜೊತೆಗೆ ಅಮೃತ್ ಕೌರ್ ಮತ್ತು ಹಂಸಾ ಮೆಹ್ತಾ ಇದ್ದರು. ಆದರೆ ಅದರ ಮೇಲಿನ ಸಲಹಾ ಸಮಿತಿಯು ತತ್ವವನ್ನು ಒಪ್ಪಿದರೂ ಅದನ್ನು ಸಂವಿಧಾನದ ಬೇರೆ ಭಾಗದಲ್ಲಿಡುವುದು ಸೂಕ್ತವೆಂದಿತು. ಆದ್ದರಿಂದ ಅದು ಚುನಾವಣೆಗಳ ಭಾಗಕ್ಕೆ ಹೋಯಿತು. ಮತ ಹಾಕುವ ಹಕ್ಕು ಮೂಲಭೂತ ಹಕ್ಕಲ್ಲ, ಶಾಸನದಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 1982ರ ಜ್ಯೋತಿ ಬಸು ಪ್ರಕರಣದಲ್ಲಿ ಹೇಳಿತು; ಅದು ಸಾಂವಿಧಾನಿಕ ಹಕ್ಕು ಎಂಬ ಅಭಿಪ್ರಾಯವೂ ನಂತರದ ಕೆಲವು ತೀರ್ಪುಗಳಲ್ಲಿ ವ್ಯಕ್ತವಾಗಿದೆ. ಪರೀಕ್ಷೆಗೆ "ಮೂಲಭೂತ ಹಕ್ಕಲ್ಲ, ಸಂವಿಧಾನದ 326ನೆಯ ವಿಧಿಯ ಆಧಾರವಿದೆ" ಎಂದು ಬರೆಸಿದರೆ ಸಾಕು.

ಹಂಸಾ ಮೆಹ್ತಾ ಅವರು 1946ರ ಡಿಸೆಂಬರಿನಲ್ಲಿ ಸಭೆಯಲ್ಲಿ ಮಾತಾಡುತ್ತ, ನಮ್ಮ ಮಹಿಳಾ ಸಂಸ್ಥೆಗಳು ಮೀಸಲು ಸ್ಥಾನಗಳನ್ನಾಗಲಿ ಪ್ರತ್ಯೇಕ ಮತದಾರ ವರ್ಗವನ್ನಾಗಲಿ ಎಂದೂ ಕೇಳಿಲ್ಲ, ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯವನ್ನಷ್ಟೇ ಕೇಳಿದ್ದೇವೆ ಎಂದರು. ಮೇಲೆ ನೇತ್ರಾವತಿಯವರು ಹೇಳಿದ ಮೂವತ್ತರ ದಶಕದ ನಿಲುವೇ ಅಲ್ಲಿ ಮತ್ತೆ ಕೇಳಿಸುತ್ತದೆ.

ಉತ್ತರ 4
ಬರೆದವರು: ನಿವೃತ್ತ ಚುನಾವಣಾ ಸಿಬ್ಬಂದಿ, ತುಮಕೂರು

ಎಲ್ಲರೂ ಕಾನೂನಿನ ಬಗ್ಗೆ ಬರೆದಿದ್ದೀರಿ. ಹಕ್ಕು ಕೈಗೆ ಬರುವುದು ಮತದಾರರ ಪಟ್ಟಿಯಲ್ಲಿ ಹೆಸರಿದ್ದಾಗ ಮಾತ್ರ ಎಂಬುದು ಆ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಸಂವಿಧಾನ ಇನ್ನೂ ಕರಡಾಗಿದ್ದಾಗಲೇ, ಮಂಗಳೂರಿನವರೇ ಆದ ಬೆನಗಲ್ ನರಸಿಂಗರಾಯರು ಸಲಹೆಗಾರರಾಗಿದ್ದ ಸಂವಿಧಾನ ರಚನಾ ಸಭೆಯ ಸಚಿವಾಲಯ, ವಯಸ್ಕರೆಲ್ಲರನ್ನೂ ಒಳಗೊಂಡ ಪಟ್ಟಿಯ ತಯಾರಿ ಶುರುಮಾಡಿತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಮತದಾರರು 17 ಕೋಟಿಗೂ ಹೆಚ್ಚಾದರು, ಅವರಲ್ಲಿ ಹೆಂಗಸರು ಸುಮಾರು 8 ಕೋಟಿ.

ಮನೆ ಮನೆಗೆ ಹೋದ ಗಣತಿದಾರರಿಗೆ ವಿಚಿತ್ರವಾದ ತೊಡಕು ಎದುರಾಯಿತು. ಮುಖ್ಯವಾಗಿ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತ, ವಿಂಧ್ಯ ಪ್ರದೇಶಗಳಲ್ಲಿ ಹೆಂಗಸರು ಪರಗಂಡಸಿನ ಮುಂದೆ ತಮ್ಮ ಹೆಸರು ಹೇಳಲು ಒಪ್ಪುತ್ತಿರಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದ ನಮೂದನ್ನು ಒಪ್ಪಲಾಗದು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಖಡಾಖಂಡಿತವಾಗಿ ತಿಳಿಸಿದರು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಗಡುವು ಕೊಟ್ಟರು. ಆದರೂ ಕೊನೆಗೆ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಈ ಬಗ್ಗೆ ಎದ್ದ ಗದ್ದಲ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ರೂಢಿ ಸಡಿಲವಾದೀತು ಎಂದು ಸೇನ್ ಭಾವಿಸಿದ್ದರು.

ಆ ನಿರ್ಧಾರ ಕಠಿಣವೆನಿಸಿದರೂ ನನಗೆ ಅದು ಸರಿಯೆಂದೇ ತೋರುತ್ತದೆ. ಇಂಥವನ ಹೆಂಡತಿ ಎಂಬ ನಮೂದನ್ನು ಒಪ್ಪಿದ್ದರೆ, ಮತ ಯಾರದೆಂದು ಮತಗಟ್ಟೆಯಲ್ಲಿ ಗುರುತಿಸುವುದೇ ಕಷ್ಟವಾಗುತ್ತಿತ್ತು, ಆಕೆಯ ಬದಲು ಬೇರೆ ಯಾರಾದರೂ ಬಂದು ಮತ ಹಾಕಿ ಹೋಗುವುದಕ್ಕೂ ಎಡೆಯಾಗುತ್ತಿತ್ತು. ಮೇಡಂ, ತರಗತಿಯಲ್ಲಿ ಒಂದು ಕೆಲಸ ಮಾಡಿಸಬಹುದು. ಚುನಾವಣಾ ಆಯೋಗದ ಜಾಲತಾಣದಲ್ಲಿ ನಿಮ್ಮ ಊರಿನ ಮತಗಟ್ಟೆಯ ಪಟ್ಟಿ ಸಿಗುತ್ತದೆ. ಅದರಲ್ಲಿ ಮಹಿಳೆಯ ಹೆಸರಿನ ಕೆಳಗೆ ಸಾಮಾನ್ಯವಾಗಿ ತಂದೆಯದೋ ಗಂಡನದೋ ಹೆಸರಿರುತ್ತದೆ, ಆದರೆ ಆಕೆಯ ಹೆಸರೇ ಮೊದಲು. ನಿಮ್ಮ ವಿದ್ಯಾರ್ಥಿನಿಯರು ತಮ್ಮ ಅಜ್ಜಿಯರ ಹೆಸರನ್ನು ಅಲ್ಲಿ ಹುಡುಕಿ, ಅವರು ಮೊದಲ ಸಲ ಮತ ಹಾಕಿದ್ದು ಯಾವ ಚುನಾವಣೆಯಲ್ಲಿ ಎಂದು ಮನೆಯಲ್ಲಿ ಕೇಳಿಕೊಂಡು ಬರಲಿ.