ಇದ್ದ ಸ್ಥಿತಿಯಲ್ಲಿ ನೋಡಿ, ಒಪ್ಪಿ ಪಡೆದಿದ್ದೇನೆ

ಶನಿವಾರ ಮಧ್ಯಾಹ್ನ ನನ್ನ ತಮ್ಮ, ನಮ್ಮ ಮನೆಯವರ ಚಾಟ್ ಗುಂಪಿನಲ್ಲಿ ಎರಡು ಫೋಟೋ ಹಾಕಿದ. ಒಂದು, ಸೆಕೆಂಡ್ ಹ್ಯಾಂಡ್ ಕಾರು ಕೊಂಡ ದಿನ ಡೀಲರ್ ಸಹಿ ಹಾಕಿಸಿಕೊಂಡ ಕಾಗದ. ಇನ್ನೊಂದು, ಅದೇ ಕಾರಿನ ಅಡಿಭಾಗ. ಆಮೇಲೆ ರಾತ್ರಿಯವರೆಗೆ ನಡೆದ ಮಾತು ಇದು. ತಮ್ಮನನ್ನು ಕೇಳಿಯೇ ಹಾಕುತ್ತಿದ್ದೇನೆ. ಡೀಲರ್ ಹೆಸರು ತೆಗೆದಿದ್ದೇನೆ.

ತಮ್ಮ (1:40): ಕಾರು ಬಂದು ಒಂಬತ್ತೇ ದಿನ. ನಿನ್ನೆ ಸಂಜೆ ಇಂಜಿನ್ ಲೈಟ್ ಹತ್ತಿಕೊಂಡಿತು. ಬೆಳಿಗ್ಗೆ ಗ್ಯಾರೇಜಿನಲ್ಲಿ ಎತ್ತಿ ನೋಡಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಏನೂ ಇಲ್ಲ. ಬರೀ ಡಬ್ಬ.

ಚಿಕ್ಕಪ್ಪ: ಕಾಗದ ಓದಿದ್ದೀಯಾ? "ವಾಹನವನ್ನು ಇದ್ದ ಸ್ಥಿತಿಯಲ್ಲಿ ನೋಡಿ, ಒಪ್ಪಿ ಪಡೆದಿದ್ದೇನೆ." ಕೆಳಗೆ ನಿನ್ನದೇ ಸಹಿ.

ಚಿಕ್ಕಪ್ಪ: ಮಾಡಿಫೈ ಮಾಡಿದ ಗಾಡಿ ಬೇಡ ಅಂತ ಆವತ್ತೇ ಹೇಳಿದ್ದೆ.

ಚಿಕ್ಕಪ್ಪನ ಮಗ: ಅಪ್ಪಾ, ಮಾಡಿಫೈ ಮಾಡುವುದೇ ಮೋಸ ಅಲ್ಲ. ಒಳ್ಳೆಯ ಸ್ಪ್ರಿಂಗ್, ಸರಿಯಾದ ಅಳತೆಯ ಅಲಾಯ್ ಚಕ್ರ ಹಾಕಿಸಿ, ಬಿಲ್ ಇಟ್ಟುಕೊಂಡು, ಕಂಪನಿಯ ಹಳೇ ಭಾಗಗಳನ್ನೂ ಜೋಪಾನ ಮಾಡಿ ಕೊಡುವವರಿದ್ದಾರೆ. ಇಲ್ಲಿ ಮಾಡಿದ್ದನ್ನು ಮುಚ್ಚಿಟ್ಟಿದ್ದಾರೆ. ಅದು ತಪ್ಪು.

ದೊಡ್ಡಕ್ಕ: ಎರಡನೇ ಫೋಟೋದಲ್ಲಿ ಏನು ನೋಡಬೇಕು? ನನಗೆ ಪೈಪ್ ಬಿಟ್ಟರೆ ಏನೂ ಕಾಣುತ್ತಿಲ್ಲ.

ನಾನು: ಮಧ್ಯದಲ್ಲಿ ಉಬ್ಬಿದ ಡಬ್ಬ ಇದೆಯಲ್ಲ, ಅದೇ ಕನ್ವರ್ಟರ್. ಅದರ ಉದ್ದಕ್ಕೂ ಕಂಬಳಿಹುಳದ ಹಾಗೆ ಒಂದು ಗೆರೆ ಕಾಣುತ್ತೆ ನೋಡು. ವೆಲ್ಡಿಂಗ್. ಸುತ್ತ ಪೈಪ್ ಎಲ್ಲ ಕೆಂಪಗೆ ತುಕ್ಕು ಹಿಡಿದಿದೆ, ಆ ಗೆರೆ ಮಾತ್ರ ಬೆಳ್ಳಗಿದೆ. ಡಬ್ಬವನ್ನು ಕೊಯ್ದು, ಒಳಗಿನದನ್ನು ತೆಗೆದು, ಮತ್ತೆ ಬೆಸುಗೆ ಹಾಕಿದ್ದಾರೆ. ಮೆಕ್ಯಾನಿಕ್ ಬೆರಳಿನ ಗೆಣ್ಣಿನಿಂದ ತಟ್ಟಿ ತೋರಿಸಿದ. ಖಾಲಿ ಕೊಡದ ಸದ್ದು ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ.

ಅತ್ತೆ: ಒಳಗಿದ್ದದ್ದು ಏನು? ಅದನ್ನು ಯಾಕೆ ತೆಗೆಯುತ್ತಾರೆ?

ಚಿಕ್ಕಪ್ಪನ ಮಗ: ಅತ್ತೆ, ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿನ ಸೆರಾಮಿಕ್ ಇರುತ್ತೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಹೊಗೆಯಲ್ಲಿರುವ ವಿಷ ಕಡಿಮೆ ಮಾಡುವುದು ಅದೇ. ಕೆಲವರು ಗಾಡಿ ಜೋರಾಗಿ ಓಡಲಿ, ಸದ್ದು ಬರಲಿ ಅಂತ ತೆಗೆಸುತ್ತಾರೆ. ಆ ಲೋಹಕ್ಕೆ ಬೆಲೆ ಇದೆ ಅಂತ ಮಾರಿಕೊಳ್ಳುವವರೂ ಇದ್ದಾರೆ.

ಅತ್ತೆ: ಹಾಗಾದರೆ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡ ಕಣೋ.

ತಮ್ಮ: ಇಲ್ಲ ಅತ್ತೆ. ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೇನೆ.

ಚಿಕ್ಕಪ್ಪ: ಅದೆಲ್ಲ ಸರಿ. ಕೊಳ್ಳುವ ಮೊದಲೇ ಎತ್ತಿ ನೋಡಬೇಕಿತ್ತು. ಮೂವತ್ತು ವರ್ಷ ನಾನು ಗಾಡಿ ಕೊಂಡು ಮಾರಿದವನು. ಒಂದೂ ಗಾಡಿ ಅಡಿಗೆ ಬಗ್ಗದೆ ತಂದಿಲ್ಲ.

ಭಾವ: ಚಿಕ್ಕಪ್ಪ, ನಿಮಗೆ ಕಣ್ಣಿದೆ, ಕಸುಬು ಗೊತ್ತಿದೆ. ಎಲ್ಲರಿಗೂ ಇರುವುದಿಲ್ಲ. ನಾನು ಪಾಠ ಮಾಡುವಾಗ ಪ್ರತಿ ವರ್ಷ ಇದೇ ಉದಾಹರಣೆ ಕೊಡುತ್ತೇನೆ. ಹಳೇ ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗೇ ಮುಂದುವರಿದರೆ ಒಳ್ಳೆಯ ಕಾರು ಇಟ್ಟುಕೊಂಡವರು ಮಾರುಕಟ್ಟೆಗೇ ಬರುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದರು. 2001ರಲ್ಲಿ ನೊಬೆಲ್ ಬಂದಿದ್ದೂ ಇಂಥ ಕೆಲಸಕ್ಕೇ. ಡೀಲರ್ ಹತ್ತಿರ ಹೋಗುವುದೇ ಅವನು ನೋಡಿ, ಪರೀಕ್ಷೆ ಮಾಡಿ ಕೊಡುತ್ತಾನೆ ಅನ್ನುವ ನಂಬಿಕೆಯಿಂದ. ಆಮೇಲೆ "ನೀನೇ ನೋಡಬೇಕಿತ್ತು" ಅಂದರೆ ಡೀಲರ್ ಯಾಕೆ ಬೇಕು?

ಚಿಕ್ಕಪ್ಪ: ಪಾಠ ಬೇರೆ, ಸಹಿ ಬೇರೆ.

ದೊಡ್ಡಕ್ಕ: ಗಾಡಿ ಮಾಡಿಫೈ ಆಗಿದೆ ಅಂತ ಇವನಿಗೆ ಮೊದಲೇ ಗೊತ್ತಿತ್ತಾ ಇಲ್ಲವಾ?

ತಮ್ಮ: ಗೊತ್ತಿತ್ತು. ಅಲಾಯ್ ಮತ್ತು ಸ್ಪ್ರಿಂಗ್ ಮಾತ್ರ ಬದಲಿಸಿದ್ದು ಅಂತ ಜಾಹೀರಾತಿನಲ್ಲೇ ಇತ್ತು. ಮಿಕ್ಕಿದ್ದೆಲ್ಲ ಕಂಪನಿ ಫಿಟ್ಟಿಂಗ್ ಅಂದಿದ್ದರು.

ಚಿಕ್ಕಪ್ಪ: ಬಾಯಲ್ಲಿ ಅಂದಿದ್ದಕ್ಕೆ ಸಾಕ್ಷಿ ಏನು?

ತಮ್ಮ: ಬಾಯಲ್ಲಿ ಅಲ್ಲ ಚಿಕ್ಕಪ್ಪ. ಸ್ಕ್ರೀನ್‌ಶಾಟ್ ಹಾಕುತ್ತೇನೆ. ಸೈಲೆನ್ಸರ್ ತುದಿ ಹೊಳೆಯುತ್ತಿತ್ತು, ಅದಕ್ಕೆ ಕೇಳಿದ್ದೆ. "ಸೈಲೆನ್ಸರ್ ಲೈನ್ ಏನಾದರೂ ಬದಲಿಸಿದ್ದೀರಾ?" ಅವರ ಉತ್ತರ: "ಇಲ್ಲ ಸರ್, ಇಂಜಿನ್‌ನಿಂದ ಹಿಂದಿನವರೆಗೂ ಕಂಪನಿದೇ. ಚೆಕ್ ಮಾಡಿದ್ದೇವೆ."

ನಾನು: ಚಿಕ್ಕಪ್ಪ, ಇದನ್ನು ದಯವಿಟ್ಟು ಇನ್ನೊಂದು ಸಲ ಓದಿ. ಕನ್ವರ್ಟರ್ ಇರುವುದೂ ಅದೇ ಲೈನಿನಲ್ಲಿ. ಇವನು ಕೇಳಿದ್ದಾನೆ. ಅವರು "ಗೊತ್ತಿಲ್ಲ" ಅನ್ನಬಹುದಿತ್ತು, "ನೀವೇ ನೋಡಿಕೊಳ್ಳಿ" ಅನ್ನಬಹುದಿತ್ತು. ಚೆಕ್ ಮಾಡಿದ್ದೇವೆ ಅಂದಿದ್ದಾರೆ. ಇದ್ದ ಸ್ಥಿತಿ ಅನ್ನುವ ಮಾತು ಸವೆದ ಬ್ರೇಕ್ ಪ್ಯಾಡಿಗೆ, ಗೀರಿದ ಬಾಗಿಲಿಗೆ ಸರಿ. ಇಲ್ಲದ್ದನ್ನು ಇದೆ ಅಂತ ಬರೆದು ಕೊಟ್ಟು, ಆಮೇಲೆ ಆ ಮಾತನ್ನು ಅಡ್ಡ ಹಿಡಿಯಲು ಆಗುವುದಿಲ್ಲ.

ಚಿಕ್ಕಪ್ಪ: ಹ್ಞೂಂ. ಇದನ್ನು ಮೊದಲೇ ಹಾಕಬೇಕಿತ್ತು ಕಣೋ. ಆದರೂ ಅವನಿಗೇ ಗೊತ್ತಿಲ್ಲದೆ ಇರಬಹುದು. ಹಿಂದಿನ ಮಾಲೀಕ ತೆಗೆಸಿರಬಹುದು. ಎತ್ತಿ ನೋಡಿರುವುದಿಲ್ಲ, ಸುಮ್ನೆ ಹೇಳಿರುತ್ತಾನೆ.

ದೊಡ್ಡಕ್ಕ: ಗೊತ್ತಿಲ್ಲದೆ ಚೆಕ್ ಮಾಡಿದ್ದೇವೆ ಅಂದರೆ ಅದೂ ಸುಳ್ಳೇ ಅಲ್ವಾ ಚಿಕ್ಕಪ್ಪ?

ಅತ್ತೆ: ಇಷ್ಟು ದಿನ ಬರದ ಲೈಟ್ ನಿನ್ನೆ ಯಾಕೆ ಬಂತು? ಇವನ ಕೈಯಲ್ಲೇ ಹಾಳಾಯಿತು ಅಂತ ಅವರು ಹೇಳುವುದಿಲ್ಲವಾ?

ಚಿಕ್ಕಪ್ಪನ ಮಗ: ಒಳ್ಳೇ ಪ್ರಶ್ನೆ ಅತ್ತೆ. ಕನ್ವರ್ಟರ್ ಮುಂದೆ ಒಂದು ಆಕ್ಸಿಜನ್ ಸೆನ್ಸರ್, ಹಿಂದೆ ಒಂದು. ಕನ್ವರ್ಟರ್ ಸರಿಯಿದ್ದರೆ ಹಿಂದಿನ ಸೆನ್ಸರ್ ಹೆಚ್ಚು ಏರಿಳಿತ ಇಲ್ಲದೆ ಇರುತ್ತೆ. ಖಾಲಿ ಇದ್ದರೆ ಅದೂ ಮುಂದಿನದರ ಹಾಗೆ ಕುಣಿಯತೊಡಗುತ್ತೆ. ಗಾಡಿಯ ಕಂಪ್ಯೂಟರ್ ಇದನ್ನು ಯಾವಾಗೆಂದರೆ ಆವಾಗ ನೋಡುವುದಿಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾಗಿ, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಒಂದು ಸಲ ಅನುಮಾನ ಬಂದರೆ ಸಾಮಾನ್ಯವಾಗಿ ಲೈಟ್ ಹಾಕುವುದಿಲ್ಲ. ಮುಂದಿನ ಓಟದಲ್ಲೂ ಹಾಗೇ ಕಂಡರೆ ಹಾಕುತ್ತೆ.

ತಮ್ಮ: ಹೌದು! ಮೊದಲೆಲ್ಲ ಆಫೀಸು, ಮನೆ ಅಂತ ಸಣ್ಣ ಓಡಾಟ. ಗುರುವಾರ ಹೆದ್ದಾರಿಯಲ್ಲಿ ದೂರ ಹೋದೆ, ಶುಕ್ರವಾರ ಬಂದೆ. ಬರುವಾಗಲೇ ಲೈಟ್ ಬಂತು.

ಭಾವ: ಅಂದರೆ ದೋಷ ಮೊದಲಿನಿಂದ ಇತ್ತು. ಹಳೇ ಮಾಲೀಕನ ಕೈಯಲ್ಲೂ ಲೈಟ್ ಹತ್ತಿರಬೇಕಲ್ಲ? ಕೊಳ್ಳುವಾಗ ಯಾಕೆ ಇರಲಿಲ್ಲ?

ಚಿಕ್ಕಪ್ಪನ ಮಗ: ದೋಷ ಕಂಡಾಗ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತೆ. ಸ್ಕ್ಯಾನರ್‌ನಲ್ಲಿ ಅದನ್ನು ಅಳಿಸಿದರೆ ಲೈಟ್ ಆರುತ್ತೆ. ಕಂಪ್ಯೂಟರ್ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಚಿಕ್ಕಪ್ಪ: ಅಳಿಸಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ? ಊಹೆ ಹಿಡಿದು ಜಗಳಕ್ಕೆ ಹೋಗಬೇಡಿ.

ಇಲ್ಲಿಗೆ ಗುಂಪು ಸುಮ್ಮನಾಯಿತು. ಗ್ಯಾರೇಜಿನವರು ಕೊಟ್ಟ ಸ್ಕ್ಯಾನ್ ರಿಪೋರ್ಟ್ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಬೆಳಿಗ್ಗೆ ಅದರಲ್ಲಿ ಪಿ 0420 ಅನ್ನುವ ಕೋಡ್ ಮಾತ್ರ ನೋಡಿದ್ದೆವು, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಸಂಜೆ ಪೂರ್ತಿ ಓದಿದೆ. ಕೆಳಗೆ, ಯಾರೂ ನೋಡದ ಜಾಗದಲ್ಲಿ, ಒಂದು ಸಾಲು ಇತ್ತು.

ನಾನು (7:25): ಎಲ್ಲರೂ ನೋಡಿ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅಂತ ಕಂಪ್ಯೂಟರ್ ಲೆಕ್ಕ ಇಟ್ಟಿದೆ. 432 ಕಿಲೋಮೀಟರ್. ಇವತ್ತು ಗ್ಯಾರೇಜಿನಲ್ಲಿ ಮೀಟರ್ 61,907. ಕಳೆದರೆ 61,475. ಕೋಡ್ ಅಳಿಸಿದಾಗ ಮೀಟರ್ ಅಷ್ಟಿತ್ತು. ತಮ್ಮಾ, ಸಹಿ ಹಾಕಿದ ಕಾಗದದಲ್ಲಿ ಮೀಟರ್ ಎಷ್ಟಿದೆ?

ತಮ್ಮ: 61,482.

ನಾನು: ಜಾಹೀರಾತಿನ ಫೋಟೋದಲ್ಲಿ?

ತಮ್ಮ: 61,468. ಗಾಡಿ ಅವರ ಅಂಗಳದಲ್ಲಿ ನಿಂತಿರುವ ಫೋಟೋ. ಅಕ್ಕಾ!

ತಮ್ಮ: ಕಾಗದ ಆದ ದಿನವೇ ನಾನು ಟೆಸ್ಟ್ ಡ್ರೈವ್ ಮಾಡಿದ್ದು. ಆರು ಕಿಲೋಮೀಟರ್.

ನಾನು: ಹಾಗಾದರೆ ನೀನು ಸ್ಟೀರಿಂಗ್ ಹಿಡಿದಾಗ 61,476. ಅದಕ್ಕೆ ಸ್ವಲ್ಪ ಮುಂಚೆ ಅಳಿಸಿದ್ದಾರೆ.

ಚಿಕ್ಕಪ್ಪ: ಅಲಾಯ್ ಬದಲಿಸಿದ ಗಾಡಿ. ಚಕ್ರದ ಅಳತೆ ಬೇರೆ ಆದರೆ ಮೀಟರ್ ಲೆಕ್ಕ ತಪ್ಪುತ್ತೆ.

ಚಿಕ್ಕಪ್ಪನ ಮಗ: ತಪ್ಪಿದರೂ ಎರಡೂ ಒಟ್ಟಿಗೆ ತಪ್ಪುತ್ತವೆ ಅಪ್ಪಾ. ಎರಡಕ್ಕೂ ಲೆಕ್ಕ ಬರುವುದು ಚಕ್ರ ತಿರುಗುವುದರಿಂದಲೇ. ಒಂದೆರಡು ಕಿಲೋಮೀಟರ್ ಆಚೀಚೆ ಅಂದರೂ ಗಾಡಿ ಅವರ ಅಂಗಳದಲ್ಲೇ ಇತ್ತು.

ಚಿಕ್ಕಪ್ಪ: ಇನ್ನೊಂದಿದೆ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಎಷ್ಟೋ ಗಾಡಿಗಳಲ್ಲಿ ಅಳಿಸಿಹೋಗುತ್ತೆ. ನಿಂತ ಗಾಡಿಗೆ ಬ್ಯಾಟರಿ ಇಳಿದಿರುತ್ತೆ, ಬಿಚ್ಚಿ ಚಾರ್ಜ್ ಮಾಡುತ್ತಾರೆ. ನಾನೇ ಎಷ್ಟು ಸಲ ಮಾಡಿಲ್ಲ. ಅದು ಮೋಸ ಅಲ್ಲ.

ಇದಕ್ಕೆ ಏನು ಹೇಳಬೇಕು ಅಂತ ನನಗೆ ತಕ್ಷಣ ತೋಚಲಿಲ್ಲ. ಅವರ ಮಾತು ಸರಿಯಾಗಿತ್ತು.

ನಾನು: ಒಪ್ಪಿದೆ ಚಿಕ್ಕಪ್ಪ. ಹಾಗಾದರೆ ಪತ್ರದಲ್ಲಿ "ಬೇಕಂತಲೇ ಅಳಿಸಿದ್ದೀರಿ" ಅಂತ ಬರೆಯುವುದು ಬೇಡ. ಮೂರೇ ವಿಷಯ ಸಾಕು. ಕಂಪನಿದೇ ಅಂತ ನೀವು ಬರೆದುಕೊಟ್ಟಿರಿ, ಇದೋ ಮೆಸೇಜ್. ಕನ್ವರ್ಟರ್ ಖಾಲಿ ಇದೆ, ಇದೋ ಫೋಟೋ. ಗಾಡಿ ನಿಮ್ಮ ಹತ್ತಿರ ಇದ್ದಾಗ ಕೋಡ್ ಅಳಿಸಿದೆ, ಇದೋ ರಿಪೋರ್ಟ್. ಹೇಗೆ ಅಳಿಸಿತು ಅಂತ ಅವರೇ ಹೇಳಲಿ. ಗಾಡಿ ವಾಪಸ್ ತೆಗೆದುಕೊಳ್ಳಲಿ, ಇಲ್ಲವೇ ಕಂಪನಿಯ ಕನ್ವರ್ಟರ್ ಹಾಕಿಸಿಕೊಡಲಿ.

ಭಾವ: ಅಲ್ಲಿಯವರೆಗೆ ಏನನ್ನೂ ರಿಪೇರಿ ಮಾಡಿಸಬೇಡ. ಸಾಕ್ಷಿಯೇ ಹೋಗುತ್ತೆ. ಆ ಕೋಡ್ ಕೂಡ ಯಾರೂ ಮುಟ್ಟಬಾರದು, ಅಳಿಸಿದರೆ 432 ಸೊನ್ನೆಗೆ ಬರುತ್ತೆ.

ತಮ್ಮ: ಅಯ್ಯೋ, ಲೈಟ್ ಆರಿಸಿ ಕೊಡಲಾ ಅಂತ ಮೆಕ್ಯಾನಿಕ್ ಕೇಳಿದ್ದ. ಫೋನ್ ಮಾಡುತ್ತೇನೆ ಇರಿ.

ತಮ್ಮ (7:58): ಮುಟ್ಟಿಲ್ಲವಂತೆ. ಬೀಗದ ಕೈ ಅವನ ಹತ್ತಿರವೇ ಇದೆ.

ದೊಡ್ಡಕ್ಕ: ಇನ್ಶೂರೆನ್ಸ್‌ನವರಿಗೆ ಅಲಾಯ್, ಸ್ಪ್ರಿಂಗ್ ಬದಲಾಗಿದೆ ಅಂತ ತಿಳಿಸಿದ್ದೀಯಾ? ಹೇಳದೆ ಇದ್ದರೆ ನಾಳೆ ಏನಾದರೂ ಆದಾಗ ಕ್ಲೇಮ್ ತಳ್ಳಿಹಾಕಬಹುದು.

ತಮ್ಮ: ಇಲ್ಲ. ಅದು ನನ್ನದೇ ತಪ್ಪು. ಸೋಮವಾರ ತಿಳಿಸುತ್ತೇನೆ.

ಚಿಕ್ಕಪ್ಪ: ಸೋಮವಾರ ಡೀಲರ್ ಹತ್ತಿರ ನಾನೂ ಬರುತ್ತೇನೆ. ಪತ್ರ ಕೈಗೆ ಕೊಟ್ಟು, ತಲುಪಿದೆ ಅಂತ ಸಹಿ ತೆಗೆದುಕೊಳ್ಳೋಣ. ನೀನು ಕೂಗಾಡಬೇಡ. ಮಾತು ನಾನು ಆಡುತ್ತೇನೆ.

ತಮ್ಮ: ಸರಿ ಚಿಕ್ಕಪ್ಪ. 🙏

ದೊಡ್ಡಕ್ಕ (9:10): ಈಗಷ್ಟೇ ಆ ಜಾಹೀರಾತು ಹುಡುಕಿದೆ. ತೆಗೆದುಹಾಕಿದ್ದಾರೆ.

ತಮ್ಮ: ಗಾಡಿ ಮಾರಿ ಆಯಿತಲ್ಲ, ಅದಕ್ಕೇ ಇರಬಹುದು. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಮೀಟರ್ ಸ್ಪಷ್ಟವಾಗಿ ಕಾಣುತ್ತೆ.

ಚಿಕ್ಕಪ್ಪ: ಈ ಗುಂಪಿಗೂ ಹಾಕು. ಎಲ್ಲರ ಫೋನಿನಲ್ಲೂ ಇರಲಿ.