ದೋಣಿ ಮೋಟರಿನ ಗೇರ್ ಕೇಸ್ ಪೆಟ್ಟು ತಿಂದಿದೆ: ರಿಪೇರಿಯೋ, ಹೊಸದೋ?

ರಾಜಾಜಿನಗರದಿಂದ ಕೇಳಿದ್ದು

ನಾಲ್ಕು ಜನ ಸ್ನೇಹಿತರು ಸೇರಿ ಇಟ್ಟುಕೊಂಡಿರುವ 14 ಅಡಿಯ ಫೈಬರ್ ದೋಣಿ ಇದೆ. ಇರುವುದು ತಾಳಗುಪ್ಪದ ಕಡೆ ಭಾವನ ಮನೆಯಲ್ಲಿ, ಓಡುವುದು ಶರಾವತಿ ಹಿನ್ನೀರಿನಲ್ಲಿ. 15 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟರ್, ಹತ್ತು ವರ್ಷ ದಾಟಿದೆ. ಲಿಂಗನಮಕ್ಕಿ 1,819 ಅಡಿ ತುಂಬಿದಾಗ ಕಣ್ಣಿಗೆ ಬೀಳದ ಮರದ ಬೊಡ್ಡೆಗಳು ಮೇ ತಿಂಗಳಲ್ಲಿ ನೀರಿನ ಗೇಣುದ್ದ ಕೆಳಗೆ ಬಂದು ನಿಂತಿರುತ್ತವೆ. ಅಂಥದ್ದೊಂದಕ್ಕೆ ಬಡಿದೆವು. ಗೇರ್ ಕೇಸಿನ (ಮೋಟರಿನ ಕೆಳತುದಿಯಲ್ಲಿ ನೀರಿನೊಳಗಿರುವ ಗೇರಿನ ಪೆಟ್ಟಿಗೆ) ತಳದ ರೆಕ್ಕೆ, ಅಂದರೆ ಸ್ಕೆಗ್, ಅರ್ಧ ಮುರಿದಿದೆ. ಪ್ರೊಪೆಲ್ಲರಿನ ಒಂದು ಎಲೆ ಮಡಚಿದೆ. ದಡಕ್ಕೆ ಬರುವಷ್ಟು ಓಡಿತು, ಆದರೆ ಇಡೀ ದೋಣಿ ನಡುಗುತ್ತಿತ್ತು.

ಕೆಳಭಾಗವನ್ನು ಬಿಚ್ಚಿ ಗೆಳೆಯನ ಕಾರಿನ ಡಿಕ್ಕಿಯಲ್ಲಿ ಬೆಂಗಳೂರಿಗೆ ತಂದಿದ್ದೇನೆ. ಮೋಟರ್ ಮಾರುವ ಒಬ್ಬರು ಇಡೀ ಗೇರ್ ಕೇಸನ್ನೇ ಹೊಸದು ಹಾಕಿಸಿ ಎನ್ನುತ್ತಾರೆ. ಅದರ ಬೆಲೆ ಹೊಸ ಮೋಟರಿನ ಅರ್ಧದ ಹತ್ತಿರ. ಒಬ್ಬ ವೆಲ್ಡರ್ ಇವತ್ತೇ ಬೆಸೆದು ಕೊಡುತ್ತೇನೆ ಎನ್ನುತ್ತಾನೆ. ಇಬ್ಬರೂ ಒಳಗೆ ಏನಾಗಿದೆ ಅಂತ ಬಿಚ್ಚಿ ನೋಡಿಲ್ಲ. ಅನುಭವ ಇದ್ದವರು ಹೇಳಿ.

ಬನಶಂಕರಿಯಿಂದ

ಆಯಿಲ್ ಬಣ್ಣ ಏನು? ಮಿಕ್ಕಿದ್ದು ಆಮೇಲೆ.

ತಳದ ಸ್ಕ್ರೂ ತೆಗೆದು ಬಿಳಿ ಡಬ್ಬಿಗೆ ಇಳಿಸಿ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಹೋಗಿದೆ. ಸ್ಕ್ರೂ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲು. ಕತ್ತರಿಸಿದ ಉಗುರಿನಂಥ ಚೂರು ಸಿಕ್ಕರೆ ಗೇರಿನ ಹಲ್ಲು ಹೋಗಿದೆ.

ಇನ್ನೊಂದು. ನಿಮ್ಮ ಪ್ರೊಪೆಲ್ಲರಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಪೆಟ್ಟು ಬಿದ್ದಾಗ ಅದು ಜಾರಿ ಗೇರನ್ನು ಉಳಿಸುತ್ತದೆ. ಬುಷ್ ಜಾರಿದೆ ಅಂತಾದರೆ ಖುಷಿ ಪಡಿ. ಪ್ರೊಪೆಲ್ಲರ್ ಹೋದರೂ ಹಲ್ಲು ಉಳಿದಿರಬಹುದು.

ರಾಜಾಜಿನಗರದವರು

ಅರ್ಧ ಆಯಿಲ್ ಡಿಕ್ಕಿಯಲ್ಲೇ ಚೆಲ್ಲಿತ್ತು ಸರ್. ಉಳಿದದ್ದು ಕಾಫಿ ಬಣ್ಣ. ಲೋಹದ ಚೂರು ಇಲ್ಲ. ಕಾರಿನವನು ಇನ್ನೂ ಮಾತಾಡುತ್ತಿಲ್ಲ.

ಪೀಣ್ಯದಿಂದ

ನಾನು ದೋಣಿಯವನಲ್ಲ. ಲೇತ್, ಮಿಲ್ಲಿಂಗ್ ಕೆಲಸದವನು. ಆದರೆ ಇಂಥ ಆರೇಳು ಗೇರ್ ಕೇಸ್ ನನ್ನ ಟೇಬಲ್ಲಿಗೆ ಬಂದಿವೆ. ಎಲ್ಲರೂ ಮೊದಲು ತೋರಿಸುವುದು ಮುರಿದ ರೆಕ್ಕೆಯನ್ನೇ. ಅದರೊಳಗೆ ಏನೂ ಇಲ್ಲ ಸ್ವಾಮಿ, ಬರೀ ಅಲ್ಯೂಮಿನಿಯಂ. ದೋಣಿ ನೆಟ್ಟಗೆ ಹೋಗಲು, ಪ್ರೊಪೆಲ್ಲರಿಗೆ ಅಡ್ಡ ನಿಲ್ಲಲು ಇರುವುದು. ದುಡ್ಡು ತಿನ್ನುವುದು ಶಾಫ್ಟ್, ಗೇರ್, ಮತ್ತು ಬೇರಿಂಗ್ ಕೂರುವ ಜಾಗ. ಈ ಮೂರನ್ನು ನೋಡದೆ ಹೊಸದು ಅನ್ನುವವನೂ ಸುಮ್ನೆ ಹೇಳುತ್ತಿದ್ದಾನೆ, ಬೆಸೆಯುತ್ತೇನೆ ಅನ್ನುವವನೂ ಸುಮ್ನೆ ಹೇಳುತ್ತಿದ್ದಾನೆ.

ಮೊದಲು ಪ್ರೊಪೆಲ್ಲರ್ ಶಾಫ್ಟ್. ದೋಣಿ ನಡುಗಿತು ಅಂದಿರಲ್ಲ, ಅದಕ್ಕೆ ಮಡಚಿದ ಎಲೆಯೂ ಕಾರಣ ಇರಬಹುದು, ಬಾಗಿದ ಶಾಫ್ಟೂ ಇರಬಹುದು. ಶಾಫ್ಟನ್ನು ಹೊರಗೆ ತೆಗೆದು ಎರಡು ವಿ ಬ್ಲಾಕ್ ಮೇಲಿಟ್ಟು, ಓಲಾಟ ಅಳೆಯುವ ಮುಳ್ಳಿನ ಮೀಟರ್, ಅಂದರೆ ಡಯಲ್ ಗೇಜ್, ತಾಗಿಸಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಯಾವ ವರ್ಕ್‌ಶಾಪಿನಲ್ಲಾದರೂ ಐದು ನಿಮಿಷದ ಕೆಲಸ. ಶಾಫ್ಟ್ ಓಲಾಡಿದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ, ಮತ್ತೆ ನೀರು ಹೋಗುತ್ತದೆ. ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಕೊಡಿ ಅಂತ ಕೆಲವರು ಕೇಳುತ್ತಾರೆ. ಮಾಡಬಹುದು. ನಾನು ಮಾಡುವುದಿಲ್ಲ. ಒಮ್ಮೆ ಬಾಗಿದ್ದು ಹೊಳೆಯ ನಡುವೆ ಮುರಿದರೆ ಬೈಸಿಕೊಳ್ಳುವವನು ನಾನು.

ಆಮೇಲೆ ಬಿರುಕು. ರೆಕ್ಕೆ ಮುರಿದ ಕಡೆಯಿಂದ ಮೇಲಿನ ಗುಂಡನೆಯ ಭಾಗಕ್ಕೆ ಬಿರುಕು ಹತ್ತಿದೆಯಾ ನೋಡಿ. ಬರಿಗಣ್ಣಿಗೆ ಕಾಣುವುದಿಲ್ಲ. ಕೆಂಪು ಬಣ್ಣದ ಡೈ ಪೆನೆಟ್ರೆಂಟ್ ಸ್ಪ್ರೇ ಸಿಗುತ್ತದೆ. ಅದನ್ನು ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಒಸರುತ್ತದೆ. ಬೇರಿಂಗ್ ಕೂರುವ ಜಾಗದವರೆಗೆ ಗೆರೆ ಹೋಗಿದ್ದರೆ ಕೇಸನ್ನು ಬಿಟ್ಟುಬಿಡಿ. ಅಲ್ಲಿ ಬೆಸೆದರೆ ಶಾಖಕ್ಕೆ ಆ ಜಾಗ ಸೊಟ್ಟಗಾಗುತ್ತದೆ, ಗೇರಿನ ಹಲ್ಲು ಸರಿಯಾಗಿ ಕೂಡುವುದಿಲ್ಲ. ಬರೀ ರೆಕ್ಕೆಯಲ್ಲಿ ನಿಂತಿದ್ದರೆ ಧಾರಾಳವಾಗಿ ಬೆಸೆಸಿ. ಆದರೆ ಸೀಲ್, ಬೇರಿಂಗ್ ಎಲ್ಲಾ ಹೊರಗೆ ತೆಗೆದ ಮೇಲೆ, ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗಿನಲ್ಲಿ. ಎಣ್ಣೆ ಜಿಡ್ಡು ಉಳಿದಿದ್ದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಇವತ್ತೇ ಬೆಸೆದು ಕೊಡುತ್ತೇನೆ ಅಂದವನು ಒಳಗಿನ ಸೀಲನ್ನೂ ಸುಟ್ಟು ಕೊಡುತ್ತಾನೆ.

ಗೇರ್ ಮಾಡಿಸಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಪೀಣ್ಯದಲ್ಲಿ ಏನನ್ನಾದರೂ ಮಾಡಿಕೊಡುತ್ತಾರೆ, ನಿಜ. ಆದರೆ ಇದು ಬೆವೆಲ್ ಗೇರ್, ಹಲ್ಲಿನ ಮೇಲ್ಮೈಯನ್ನು ಗಟ್ಟಿ ಮಾಡಿರುತ್ತಾರೆ. ಒಂದೇ ಒಂದು ಜೊತೆಗೋಸ್ಕರ ಅಷ್ಟೆಲ್ಲಾ ಮಾಡಿಸುವ ಬದಲು ಕಂಪನಿಯದ್ದೇ ತರಿಸಿ. ಒಂದರ ಹಲ್ಲು ಹೋಗಿದ್ದರೂ ಅದಕ್ಕೆ ಕೂಡುವ ಚಿಕ್ಕ ಗೇರ್, ಅಂದರೆ ಪಿನಿಯನ್, ಸಮೇತ ಬದಲಿಸಿ. ಬಿಚ್ಚುವಾಗ ಬರುವ ತೆಳ್ಳನೆಯ ಶಿಮ್‌ಗಳನ್ನು ಕಸ ಅಂತ ಎಸೆಯಬೇಡಿ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಹಲ್ಲುಗಳ ನಡುವಿನ ಸಂದು ಅದರಿಂದಲೇ ಸರಿಯಾಗುವುದು.

ಗಂಗೊಳ್ಳಿಯವ, ಈಗ ವಿಜಯನಗರ

ಪೀಣ್ಯದಣ್ಣ ಹೇಳಿದ್ದು ಸಿಹಿನೀರಿಗೆ ಸರಿ. ಉಪ್ಪುನೀರಿಗೆ ಲೆಕ್ಕವೇ ಬೇರೆ.

ನಮ್ಮದು ನಾಡದೋಣಿ, 9.9 ಎಚ್‌ಪಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಮೀನು ಹಿಡಿಯಲು ಇಳಿಯುವಂತಿಲ್ಲ. 10 ಎಚ್‌ಪಿವರೆಗಿನ ಮೋಟರ್ ಇರುವ ನಾಡದೋಣಿಗೆ ಮಾತ್ರ ಬಿಡುತ್ತಾರೆ. ಅದೇ ನಮ್ಮ ದುಡಿಮೆಯ ಕಾಲ. ಸರಿಯಾಗಿ ಆಗಲೇ ಗೇರ್ ಕೇಸ್ ಕೈಕೊಟ್ಟಿತು. ರಿಪೇರಿಯೇ ಅಗ್ಗ ಅಂತ ಅಣ್ಣ ಬಿಚ್ಚಲು ಕೂತ. ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಕ್ಯಾರಿಯರ್ ಇದೆಯಲ್ಲ, ಉಪ್ಪು ತಿಂದು ಕೇಸಿಗೆ ಕಚ್ಚಿಕೊಂಡಿತ್ತು. ಕಾಯಿಸಿದ, ಬಡಿದ. ಒಂದು ಬೋಲ್ಟ್ ತುಂಡಾಯಿತು. ಅದನ್ನು ಡ್ರಿಲ್ ಮಾಡಿ ತೆಗೆದ. ಕೊನೆಗೆ ಕ್ಯಾರಿಯರ್ ಬಂತು, ಜೊತೆಗೆ ಕೇಸಿನ ತುಣುಕೂ ಬಂತು! ಆಮೇಲೆ ಹಳೆಯ ಗೇರ್ ಕೇಸೊಂದನ್ನು ಹುಡುಕಿ ತಂದೆವು. ಹಣ ಎರಡು ಸಲ ಕೊಟ್ಟ ಹಾಗಾಯ್ತು ಮಾರಾಯ್ರೆ. ಹನ್ನೊಂದು ದಿನ ದೋಣಿ ದಡದಲ್ಲೇ ಇತ್ತು.

ನಿಮ್ಮದು ಹಿನ್ನೀರು. ಕ್ಯಾರಿಯರ್ ಸುಲಭಕ್ಕೆ ಹೊರಗೆ ಬಂದರೆ ರಿಪೇರಿಗೆ ಹೋಗಿ. ಬಡಿಯುವ ಪರಿಸ್ಥಿತಿ ಬಂದರೆ ಅಲ್ಲೇ ನಿಲ್ಲಿಸಿ.

ಹಳೆಯದು ಕೊಳ್ಳುವುದಾದರೆ ಹಣ ಕೊಡುವ ಮೊದಲು ಅವರೆದುರೇ ಆಯಿಲ್ ಇಳಿಸಿ ನೋಡಿ. ಬೇಡ ಅಂದರೆ ಎದ್ದು ಬನ್ನಿ. ಶಾಫ್ಟ್ 15 ಇಂಚಿನ ಮೋಟರಿನದ್ದೋ 20 ಇಂಚಿನದ್ದೋ ಕೇಳಿ. ಗೇರ್ ಹಾಕಿ ಮೇಲಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು ಬರಲು ಎಷ್ಟು ಸುತ್ತು ಬೇಕು ಎಣಿಸಿ. ನಿಮ್ಮದರ ಲೆಕ್ಕಕ್ಕೆ ಹೊಂದಬೇಕು. ಎಚ್‌ಪಿ ಒಂದೇ ಆದ ಮಾತ್ರಕ್ಕೆ ಒಳಗಿನ ಗೇರ್ ಒಂದೇ ಅಲ್ಲ.

ಹೆಬ್ಬಾಳದಿಂದ

ಯಾರೂ ಹೇಳದ ದಾರಿ ನಾನು ಹಿಡಿದಿದ್ದೆ. ಕಂಪನಿಯದ್ದಲ್ಲದ, ಅದೇ ಅಳತೆಯ ಪೂರ್ತಿ ಗೇರ್ ಕೇಸ್ ತರಿಸಿದೆ. ಅಸಲಿಯ ಮೂರನೇ ಒಂದು ಭಾಗದ ಬೆಲೆ. ಬೋಲ್ಟ್ ಕೂತಿತು, ಆದರೆ ನ್ಯೂಟ್ರಲ್ ಸಿಗಲಿಲ್ಲ. ಗೇರ್ ರಾಡಿನ ಜಾಯಿಂಟ್ ಸರಿ ಮಾಡುವುದರಲ್ಲೇ ಎರಡು ಭಾನುವಾರ ಹೋಯಿತು. ಒಂದೇ ವರ್ಷಕ್ಕೆ ಬಣ್ಣ ಎದ್ದಿದೆ. ಓಡುತ್ತಿದೆ, ಇಲ್ಲ ಅನ್ನುವುದಿಲ್ಲ. ವರ್ಷಕ್ಕೆ ಹತ್ತು ದಿನ ಓಡಿಸುವವರಿಗೆ ಸಾಕು. ದೋಣಿಯಲ್ಲಿ ಒಂದು ಜೊತೆ ಹುಟ್ಟು ಮಾತ್ರ ಇಟ್ಟುಕೊಂಡಿರುತ್ತೇನೆ.

ಪೀಣ್ಯದವರು ಮತ್ತೆ

ಹುಟ್ಟು ಇಟ್ಟುಕೊಳ್ಳಬೇಕಾದ ರಿಪೇರಿ ಎಂಥ ರಿಪೇರಿ?

ಹೆಬ್ಬಾಳದವರು

ಅಸಲಿ ಹಾಕಿದ್ದಾಗಲೂ ಇಟ್ಟುಕೊಳ್ಳುತ್ತಿದ್ದೆ ಸರ್.

ರಾಜಾಜಿನಗರದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಬಿಚ್ಚಿದೆವು. ಕ್ಯಾರಿಯರ್ ಎರಡು ಪೆಟ್ಟಿಗೆ ಹೊರಗೆ ಬಂತು. ಸೀಲಿನ ಹತ್ತಿರ ನೈಲಾನ್ ಗಾಳದ ದಾರ ಸುತ್ತಿಕೊಂಡಿತ್ತು, ಸೀಲಿನ ತುಟಿ ಕತ್ತರಿಸಿ ಹೋಗಿತ್ತು. ಅಂದರೆ ನೀರು ಒಳಗೆ ಹೋಗುತ್ತಿದ್ದದ್ದು ಬೊಡ್ಡೆಗೆ ಬಡಿಯುವ ಮೊದಲೇ ಇರಬೇಕು! ಬೈಗುಳ ಮಾತ್ರ ಅವತ್ತು ಚುಕ್ಕಾಣಿ ಹಿಡಿದಿದ್ದ ನನಗೆ ಬಿತ್ತು.

ಗೇರಿನ ಹಲ್ಲು ಚೆನ್ನಾಗಿವೆ. ಪ್ರೊಪೆಲ್ಲರಿನ ಬುಷ್ ಜಾರಿತ್ತು. ಶಾಫ್ಟ್ ಬಾಗಿತ್ತು, ಡಯಲ್ ಗೇಜಿನ ಮುಳ್ಳು ಕುಣಿಯುವುದನ್ನು ಕಣ್ಣಾರೆ ಕಂಡೆ. ಕೆಂಪು ಗೆರೆ ರೆಕ್ಕೆಯಲ್ಲೇ ನಿಂತಿತ್ತು. ಹಾಗಾಗಿ ರಿಪೇರಿ. ಶಾಫ್ಟ್, ಸೀಲು, ಪ್ರೊಪೆಲ್ಲರ್ ಕಂಪನಿಯದ್ದೇ ತರಿಸಿದೆ. ತುಕ್ಕು ಹಿಡಿದಿದ್ದ ಒಂದು ಬೇರಿಂಗ್ ಅದರ ನಂಬರ್ ತೋರಿಸಿದ ಮೇಲೆ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಹೇಗೂ ಬಿಚ್ಚಿದ್ದೇವೆ ಅಂತ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನೂ ಬದಲಿಸಿದೆವು. ಎಲ್ಲಾ ಸೇರಿ ಹೊಸ ಗೇರ್ ಕೇಸಿಗೆ ಕೇಳಿದ್ದರ ಅರ್ಧವೂ ಆಗಲಿಲ್ಲ.

ಆಯಿಲ್ ಹಾಕುವ ಮೊದಲು ಸೈಕಲ್ ಪಂಪಿನಲ್ಲಿ 10 ಪಿಎಸ್‌ಐ ಗಾಳಿ ತುಂಬಿ, ಬಾತ್‌ರೂಮಿನ ಡ್ರಮ್ಮಿನಲ್ಲಿ ಮುಳುಗಿಸಿದೆವು. ಶಾಫ್ಟ್ ತಿರುಗಿಸುತ್ತಾ ನೋಡಿದೆವು. ಗುಳ್ಳೆ ಬರಲಿಲ್ಲ. ಮೀಟರಿನ ಮುಳ್ಳೂ ಇಳಿಯಲಿಲ್ಲ. ಆಯಿಲನ್ನು ಊರಿಗೆ ಹೋದ ಮೇಲೆ ಹಾಕುತ್ತೇವೆ, ತಳದ ತೂತಿನಿಂದ ತುಂಬಿಸಿ ಮೇಲಿನ ತೂತಿನಲ್ಲಿ ಬರುವವರೆಗೆ.

ಕಾರಿನವನು ಡಿಕ್ಕಿಯ ಹತ್ತಿರಕ್ಕೂ ಬಿಡುತ್ತಿಲ್ಲ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ. ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿನಲ್ಲಿ ಸೀಟಿನ ಕೆಳಗೆ ಹೋಗುತ್ತದೆ.