ಅಟ್ಟದ ಮೂರು ಹಳೇ ಕತ್ತಿ: ಉಜ್ಜೋದಾ, ಹಾಗೇ ಇಡೋದಾ, ಮಾರೋದಾ?

ಕೊಪ್ಪದ_ಅಟ್ಟ:
ಮೂರು ಕತ್ತಿಗಳ ಬಗ್ಗೆ ತಿಳಿದವರು ಹೇಳಬೇಕು.

ಮೊದಲನೇದು ನಮ್ಮ ಕಡೆಯ ಬಾಗಿದ ತೋಟದ ಕತ್ತಿ. ಅಲಗು 11 ಇಂಚು, ಬುಡದಲ್ಲಿ ಬೆನ್ನು 6 ಮಿ.ಮೀ. ದಪ್ಪ. ಹಿಡಿಯ ಹತ್ತಿರ ಮೂರು ಚುಕ್ಕಿಯ ಮುದ್ರೆ. ಮೈಯೆಲ್ಲ ಕಪ್ಪು, ನಡುವೆ ಕೆಂಪು ತುಕ್ಕು, ಹಿಡಿ ಅಲ್ಲಾಡುತ್ತೆ. ಎರಡನೇದು 5 ಇಂಚಿನ ಚಾಕು, ಹಿಡಿ ಯಾವುದೋ ಕೊಂಬಿನದು. ಮೂರನೇದು ಕೊಡಗಿನವರು ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿ, ಒರೆಗೆ ಬೆಳ್ಳಿ ಕಟ್ಟು, ಹಿಡಿ ಬಿಳಿ.

ತುಕ್ಕು ಹೇಗೆ ತೆಗೆಯೋದು? ಗ್ರೈಂಡರ್ ಕೊಟ್ಟು ಹೊಳಪು ಮಾಡಿಸಿದರೆ ರೇಟು ಜಾಸ್ತಿ ಸಿಗುತ್ತಾ? ಬಸ್ಸಲ್ಲಿ ಬೆಂಗಳೂರಿಗೆ ಒಯ್ಯಬಹುದಾ?

ಸಾಣೆಕಲ್ಲು_ತೀರ್ಥಹಳ್ಳಿ:
ಗ್ರೈಂಡರ್ ಮುಟ್ಟಿಸಲೇಬೇಡಿ ಮಾರಾಯ್ರೇ. ತೆಳು ಬಾಯಿಗೆ, ಅಂದ್ರೆ ಹರಿತದ ಅಂಚಿಗೆ, ಕಲ್ಲು ತಾಗಿದ ಕ್ಷಣದಲ್ಲಿ ಬಿಸಿ ಏರುತ್ತೆ. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ಬಂದರೆ ಸುಮಾರು 220 ಡಿಗ್ರಿ, ನೀಲಿಗೆ ತಿರುಗಿದರೆ 300ರ ಆಸುಪಾಸು. ನೀಲಿ ಕಂಡ ಜಾಗದ ಹದ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಬಾಯಿ ನಿಲ್ಲಲ್ಲ, ಮಡಚುತ್ತೆ.

ಕಪ್ಪು ಮತ್ತು ಕೆಂಪು ಬೇರೆ ಬೇರೆ. ತೋಟದ ಕತ್ತಿಯ ಕಪ್ಪು ಬಹುಪಾಲು ಅಡಿಕೆ, ಬಾಳೆಯ ಚೊಗರಿನಿಂದ ಬಂದದ್ದು. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತೆ, ಅದು ಮೈಗೆ ಸ್ವಲ್ಪ ರಕ್ಷಣೆ ಕೂಡ. ಅದನ್ನು ಬಿಡಿ. ಕೆಂಪು ಮಾತ್ರ ಹೋಗಬೇಕು, ಅದು ಒಳಗೊಳಗೇ ಕೊರೆದು ಗುಳಿ ಬೀಳಿಸುತ್ತೆ.

ಹೊಲಿಗೆ ಮಷಿನ್ ಎಣ್ಣೆ ಧಾರಾಳವಾಗಿ ಸವರಿ, ಹಳೇ ಬಟ್ಟೆ ಸುತ್ತಿ ಒಂದು ದಿನ ಬಿಡಿ. ನಂತರ ತುಕ್ಕಿನ ಹಕ್ಕಳೆಯನ್ನು ಹಿತ್ತಾಳೆ ಪಟ್ಟಿಯ ಅಂಚಿನಿಂದ ಕೆರೆದು ಎಬ್ಬಿಸಿ. ಹಿತ್ತಾಳೆ ಉಕ್ಕಿಗಿಂತ ಮೆತ್ತಗೆ, ಗೀರು ಬೀಳಲ್ಲ. ಉಳಿದಿದ್ದಕ್ಕೆ ನಾಲ್ಕು ಸೊನ್ನೆ (0000) ನಂಬರಿನ ನವಿರು ಉಕ್ಕಿನ ಉಣ್ಣೆ (ಸ್ಟೀಲ್ ವುಲ್), ಅದನ್ನೂ ಎಣ್ಣೆಯಲ್ಲೇ ಅದ್ದಿ ಅಲಗಿನ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಒಂದೇ ಸಲಕ್ಕೆ ಹೋಗಲ್ಲ, ಮೂರು ನಾಲ್ಕು ಸಲ ಆಗಬೇಕು. ಮುದ್ರೆಯ ಮೇಲೆ ಬಟ್ಟೆ ಬಿಟ್ಟು ಬೇರೇನೂ ಹಾಕಬೇಡಿ. ಯಾವ ಕುಲುಮೆಯದು ಅಂತ ಹೇಳುವ ಗುರುತು ಅದೊಂದೇ.

ಕೆಂಪು ಹೋದಮೇಲೆ ಓರೆ ಬೆಳಕಲ್ಲಿ ನೋಡಿ. ಬಾಯಿಯಿಂದ ಕೆಲವು ಮಿ.ಮೀ. ಹಿಂದೆ ತೆಳು ಗೆರೆ ಓಡಿದ್ದರೆ, ಮೆತ್ತನೆ ಕಬ್ಬಿಣಕ್ಕೆ ಉಕ್ಕಿನ ಪಟ್ಟಿ ಬೆಸೆದು ಮಾಡಿದ್ದು. ಅನುಮಾನವಿದ್ದರೆ ಹಿಡಿಯ ಪಕ್ಕ, ಕಣ್ಣಿಗೆ ಬೀಳದ ಜಾಗದಲ್ಲಿ ಸಣ್ಣ ಅರ (ಫೈಲ್) ಆಡಿಸಿ: ಬೆನ್ನಲ್ಲಿ ಕಚ್ಚುತ್ತೆ, ಬಾಯಲ್ಲಿ ಜಾರುತ್ತೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಈಚಿನ ಕತ್ತಿಯಲ್ಲಿ ಈ ಗೆರೆ ಇರಲ್ಲ, ಅಡಿಯಿಂದ ಮುಡಿಯವರೆಗೆ ಒಂದೇ ಉಕ್ಕು. ಸಂಗ್ರಹ ಮಾಡೋರು ಹುಡುಕೋದು ಈ ಗೆರೆಯನ್ನೇ. ಹೊಳಪು ಕೊಟ್ಟರೆ ಅದೂ ಅಳಿಸಿಹೋಗುತ್ತೆ, ರೇಟೂ ಬೀಳುತ್ತೆ.

ಹಿಡಿಗೆ ಎಪಾಕ್ಸಿ ಹಾಕಬೇಡಿ, ಮತ್ತೆ ಬಿಚ್ಚಕ್ಕಾಗಲ್ಲ. ಹಿಡಿಯೊಳಗಿನ ಕಬ್ಬಿಣದ ಬಾಲ ಹಿಂದೆ ಹೊರಬಂದು ಬಡಿದು ಮಡಚಿದ್ದರೆ ಎಳೆಯಬೇಡಿ, ಆಚಾರಿಗೆ ಕೊಡಿ. ಮಡಚಿಲ್ಲದಿದ್ದರೆ ಹಿಡಿ ಕಳಚಿ, ಹಳೇ ಪುಡಿ ಕೆದಕಿ ತೆಗೆದು, ಎರಡು ಪಾಲು ಅರಗಿನ ಪುಡಿಗೆ ಒಂದು ಪಾಲು ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬಿ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ ಬಾಲವನ್ನಷ್ಟೇ ಕಾಯಿಸಿ. ಕೆಂಪಗಾಗಬಾರದು, ಅರಗು ಕರಗುವಷ್ಟು ಬಿಸಿ ಸಾಕು. ನೆಟ್ಟಗೆ ಒತ್ತಿ, ಪೂರ್ತಿ ಆರುವತನಕ ಅಲ್ಲಾಡಿಸದೆ ಹಿಡಿದಿರಿ. ಓರೆಯಾಗಿ ಆರಿದರೆ ಮತ್ತೆ ಮೊದಲಿಂದ ಮಾಡಬೇಕು.

ಕಾನುಗೋಡು:
ಮೇಲಿನದು ಸರಿಯಾಗಿದೆ. ಎರಡು, ಮೂರನೇ ಕತ್ತಿ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಡವಿದರೆ ಕೇಸಾಗುತ್ತೆ.

ಕೊಂಬಿನ ಹಿಡಿಯ ಕೊನೆ ನೋಡಿ. ಕೋಣ, ಎಮ್ಮೆ ಕೊಂಬು ಉಗುರಿನ ಜಾತಿ, ನಯವಾಗಿ ಪದರ ಪದರ ಇರುತ್ತೆ. ಜಿಂಕೆ, ಕಡವೆ ಕೊಂಬು ಮೂಳೆ, ಹೊರಗೆ ಒರಟು ಗೆರೆ, ನಡುವೆ ಸ್ಪಂಜಿನ ಹಾಗೆ ತೂತು ತೂತು. ಸಾಕಿದ ಎಮ್ಮೆಯದಾದರೆ ತೊಂದರೆಯಿಲ್ಲ. ಜಿಂಕೆ ಅಥವಾ ಕಡವೆಯದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರುವಂತಿಲ್ಲ. ‘ಕಾಡಲ್ಲಿ ತಾನಾಗೇ ಉದುರಿದ್ದು’ ಅನ್ನೋ ಮಾತು ನಡೆಯಲ್ಲ.

ಪೀಚೆಕತ್ತಿಯ ಬಿಳಿ ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಕಪ್ಪು ಚುಕ್ಕಿ, ಗೀಟು ಇದ್ದರೆ ಮೂಳೆ. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳ ಬಲೆ ಕಂಡರೆ ದಂತ. ದಂತಕ್ಕೆ ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಮಾರಾಟ ಇಲ್ಲ. ಕಾಗದ ಇಲ್ಲದಿದ್ದರೆ ಫೋಟೋ ಎಲ್ಲೂ ಹಾಕದೆ, ಮೊದಲು ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ಹೋಗಿ.

ನೂರು ವರ್ಷ ದಾಟಿದ್ದು ಅಂತ ಖಚಿತವಾದರೆ ಅದು ಪುರಾತನ ವಸ್ತು. ವಿದೇಶದ ಗಿರಾಕಿಗೆ ಕಳಿಸುವಂತಿಲ್ಲ.

ಕೊಪ್ಪದ_ಅಟ್ಟ:
ಚಾಕುವಿನ ಹಿಡಿಯಲ್ಲಿ ತೂತು ತೂತು ಕಾಣ್ತಿದೆ, ಹಾಗಾದ್ರೆ ಅದು ಮಾರಾಟಕ್ಕಿಲ್ಲ. ಬಸ್ಸಿನ ವಿಷಯ? ಮತ್ತೆ ಮಳೆಗಾಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಚರ್ಮದ ಒರೆಯಲ್ಲಿಟ್ಟರೆ ಸಾಕಾ?

ಸಾಗರದ_ಕುಲುಮೆ:
ಚರ್ಮದ ಒರೆ ಬೇಡವೇ ಬೇಡ. ಹದ ಮಾಡಿದ ಚರ್ಮದಲ್ಲಿ ಉಪ್ಪು, ಆಮ್ಲ ಉಳಿದಿರುತ್ತೆ, ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಥಂಡಿ ಹೀರಿ ಅಲಗಿಗೇ ಒತ್ತಿ ಹಿಡಿಯುತ್ತೆ. ಒರೆ ಬೇರೆ, ಕತ್ತಿ ಬೇರೆ ಇಡಿ. ಕೊಬ್ಬರಿ ಎಣ್ಣೆ ದಿನಾ ಬಳಸೋ ಕತ್ತಿಗೆ ಸರಿ, ತಿಂಗಳುಗಟ್ಟಲೆ ಇಡೋದಕ್ಕಲ್ಲ, ಅಂಟಾಗಿ ಧೂಳು ಹಿಡಿಯುತ್ತೆ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಒಳ್ಳೇದು. ಬರಿಗೈಯಲ್ಲಿ ಅಲಗು ಮುಟ್ಟಿದರೆ ಒರೆಸಿ ಇಡಿ, ಬೆವರಿನ ಬೆರಳಚ್ಚು ಹಾಗೇ ತುಕ್ಕಾಗಿ ಏಳುತ್ತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ. ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ ಆಗುತ್ತೆ. ಅಡುಗೆ ಒವನ್ ಬೇಡ, ಆ ಬಣ್ಣದಲ್ಲಿ ಕೋಬಾಲ್ಟ್ ಇರುತ್ತೆ.

ಬಸ್ಸಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತೆ. ಮನೆಬಳಕೆ, ಕೃಷಿಗೆ ಮಾಡಿದ್ದಕ್ಕೆ ವಿನಾಯಿತಿ. ಹಾಗಾಗಿ 11 ಇಂಚಿನ ತೋಟದ ಕತ್ತಿ ಸ್ವಭಾವದಲ್ಲಿ ಕೃಷಿ ಸಲಕರಣೆ. ಆದರೆ ತೋಟದಲ್ಲಿ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡ ಹಾಗೆ ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ ಓಡಾಡಿದರೆ ಯಾರೂ ಒಪ್ಪಲ್ಲ. ಬಾಯಿಗೆ ಎರಡು ಪದರ ಅಡಿಕೆ ಹಾಳೆ ಇಟ್ಟು ಹುರಿಯಿಂದ ಬಿಗಿದು, ಗೋಣಿ ಸುತ್ತಿ, ಚೀಲದ ತಳಕ್ಕೆ ಹಾಕಿ. ಮೊದಲು ಕಂಡಕ್ಟರಿಗೆ ಹೇಳಿ, ಬೇಡ ಅಂದರೆ ಒಯ್ಯಬೇಡಿ. ಊರಲ್ಲಿ ನಿಷೇಧಾಜ್ಞೆ ಇದ್ದ ದಿನ ಮನೆಯಿಂದ ತೆಗೆಯಲೇಬೇಡಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನಕ್ಕೆ ಹೋಗೋದಾದರೆ ಕ್ಯಾಬಿನ್ ಚೀಲದಲ್ಲಿ ಸಣ್ಣ ಚಾಕು ಕೂಡ ಬಿಡಲ್ಲ.

ಪೀಚೆಕತ್ತಿ ಕೃಷಿಯದಲ್ಲ, ಕಠಾರಿ ಜಾತಿ. ಕಠಾರಿ ಆ ಪಟ್ಟಿಯಲ್ಲಿ ಹೆಸರು ಹೇಳಿಯೇ ಇದೆ, 9 ಇಂಚಿಗಿಂತ ಗಿಡ್ಡ ಅಂತ ಧೈರ್ಯ ಮಾಡಬೇಡಿ. ಮಾರುವ ಯೋಚನೆ ಇದ್ದರೆ ಹಿಡಿ ಯಾವುದರದ್ದು ಅಂತ ತೀರ್ಮಾನವಾದ ಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಯುಧ ಲೈಸೆನ್ಸ್ ನೋಡುವವರನ್ನು ಕೇಳಿ. ಬೆಳ್ಳಿ ತೂಕದ ಮೇಲಂತೂ ಅಕ್ಕಸಾಲಿಗೆ ಕೊಡಬೇಡಿ, ಕಟ್ಟು ಕರಗಿಸಿಬಿಡುತ್ತಾರೆ.

ಅಲ್ಲಿಗೆ ಮಾರಲು ಉಳಿಯೋದು ತೋಟದ ಕತ್ತಿ ಒಂದೇ. ಫೋಟೋ ನಾಲ್ಕು ಬೇಕು: ಪೂರ್ತಿ ಉದ್ದ ಅಳತೆಪಟ್ಟಿ ಜೊತೆ, ಮುದ್ರೆ ಹತ್ತಿರದಿಂದ, ಬೆನ್ನಿನ ದಪ್ಪ, ಬಾಯಿಯ ಗೆರೆ ಓರೆ ಬೆಳಕಲ್ಲಿ. ಹಿಡಿ ಮತ್ತೆ ಕೂರಿಸಿದ್ದರೆ ಅದನ್ನೂ ಬರೀರಿ. ಮುದ್ರೆ ಫೋಟೋ ಇಲ್ಲಿ ಹಾಕಿ, ನೋಡೋಣ.